ಉಪಕಾರದ ಫಲವನ್ನು ಉಪಕಾರಿಗೆ ತಿಳಿಸುವ ಪತ್ರ: ಕೃತಜ್ಞತೆಯನ್ನು ಬರೆಯುವ ಬಗೆ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಊರುಗಳಲ್ಲಿ ನಾವು ಕಾಗದದ ಮೇಲೆ ಬರೆಯುವುದು ಬಹುಮಟ್ಟಿಗೆ ಎರಡನ್ನೇ: ಅರ್ಜಿ ಮತ್ತು ದೂರು. ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ತಹಶೀಲ್ದಾರರಿಗೆ ಬರೆಯುತ್ತೇವೆ, ಕಾಲುವೆಯ ಕೊನೆಯ ಹೊಲಗಳಿಗೆ ನೀರು ಬಾರದಿದ್ದರೆ ನೀರಾವರಿ ಕಚೇರಿಗೆ ಬರೆಯುತ್ತೇವೆ, ಕೈ ಮಾಡಿದರೂ ಬಸ್ಸು ನಿಲ್ಲದಿದ್ದರೆ ಸಾರಿಗೆ ಘಟಕಕ್ಕೆ ಬರೆಯುತ್ತೇವೆ. ಅದೇ ಕಚೇರಿಯ ಗುಮಾಸ್ತರೊಬ್ಬರು ಊಟದ ಹೊತ್ತನ್ನೂ ಬಿಟ್ಟು ಹಳೆಯ ದಾಖಲೆ ಹುಡುಕಿಕೊಟ್ಟರೆ ‘ಭಾಳ ಉಪಕಾರ ಆತ್ರಿ’ ಎಂದು ಕೈಮುಗಿದು ಮನೆಗೆ ಬಂದುಬಿಡುತ್ತೇವೆ. ಆ ಕೈಮುಗಿತದಲ್ಲಿ ಕೊರತೆಯೇನೂ ಇಲ್ಲ. ಆದರೆ ಅದು ಉಪಕಾರ ನಡೆದ ಗಳಿಗೆಯಲ್ಲೇ, ಉಪಕಾರದ ಫಲ ಕಣ್ಣಿಗೆ ಕಾಣುವ ಮೊದಲೇ ಮುಗಿದುಹೋಗುತ್ತದೆ.

ಆ ಗುಮಾಸ್ತರಿಗೆ ದಾಖಲೆ ಹುಡುಕಿಕೊಟ್ಟದ್ದು ಗೊತ್ತು. ಆ ದಾಖಲೆಯಿಂದ ಅಣ್ಣತಮ್ಮಂದಿರ ಹಿಸ್ಸೆಯ ಜಗಳ ತೀರಿತೆಂಬುದು ಗೊತ್ತಿಲ್ಲ. ಹತ್ತನೆಯ ತರಗತಿಯ ಹುಡುಗಿಗೆ ಸಂಜೆ ಗಣಿತ ಹೇಳಿಕೊಟ್ಟ ಅಕ್ಕೋರಿಗೆ ಅವಳು ಪಾಸಾದದ್ದು ತಿಳಿದಿರುತ್ತದೆ, ನಾಲ್ಕು ವರ್ಷಗಳ ನಂತರ ಅವಳು ನೌಕರಿ ಹಿಡಿದದ್ದು ತಿಳಿದಿರುವುದಿಲ್ಲ. ಸಹಾಯ ಮಾಡಿದವರಿಗೆ ಕತೆಯ ಮೊದಲರ್ಧ ಮಾತ್ರ ಸಿಕ್ಕಿರುತ್ತದೆ, ಉಳಿದರ್ಧ ನಮ್ಮ ಹತ್ತಿರವೇ ಉಳಿದುಬಿಡುತ್ತದೆ. ಅದನ್ನು ಅವರಿಗೆ ತಲುಪಿಸುವುದೇ ಕೃತಜ್ಞತಾ ಪತ್ರದ ನಿಜವಾದ ಕೆಲಸವೆಂದು ನಾನು ನಂಬಿದ್ದೇನೆ. ಹೊಗಳಿಕೆಯ ಮಾತುಗಳನ್ನು ಯಾರು ಬೇಕಾದರೂ ಬರೆಯಬಹುದು, ಆದರೆ ಫಲದ ಸುದ್ದಿಯನ್ನು ಆ ಫಲ ಉಂಡವರೇ ಬರೆಯಬೇಕು.

ಬರೆಯಲು ಕುಳಿತವರನ್ನು ಮೊದಲು ತಡೆಯುವುದು ಸಂಕೋಚ. ‘ನನಗೆ ಚೆನ್ನಾಗಿ ಬರೆಯಲು ಬರುವುದಿಲ್ಲ, ಓದಿದವರು ಏನೆಂದುಕೊಂಡಾರು’ ಎಂಬ ಅಳುಕು ಶಿಕ್ಷಕರಿಂದ ಹಿಡಿದು ಕೂಲಿಕಾರರವರೆಗೆ ಎಲ್ಲರಲ್ಲೂ ಇದೆ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಎಂಬ ಸಂಶೋಧಕರು ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ 2018ರಲ್ಲಿ ಸೈಕಲಾಜಿಕಲ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯುವಂತೆ ಅವರು ಜನರನ್ನು ಕೇಳಿಕೊಂಡರು. ಓದುವವರಿಗೆ ಏನನ್ನಿಸೀತು ಎಂದು ಬರೆದವರಿಂದ ಊಹೆ ಪಡೆದರು. ಬಳಿಕ ಪತ್ರ ಪಡೆದವರನ್ನೇ ವಿಚಾರಿಸಿದರು. ಪತ್ರ ಪಡೆದವರ ಸಂತೋಷ ಬರೆದವರು ಊಹಿಸಿದ್ದಕ್ಕಿಂತ ಹೆಚ್ಚಾಗಿತ್ತು, ಅವರಿಗಾದ ಮುಜುಗರ ಊಹಿಸಿದ್ದಕ್ಕಿಂತ ಕಡಿಮೆಯಾಗಿತ್ತು. ಬರೆಯುವವರು ತಮ್ಮ ಮಾತಿನ ಜೋಡಣೆಯ ಬಗ್ಗೆ ಚಿಂತಿಸುತ್ತಿದ್ದರೆ ಓದುವವರು ಅದರಲ್ಲಿರುವ ಪ್ರೀತಿಯನ್ನು ನೋಡುತ್ತಿದ್ದರು. ಅಲ್ಲಿನ ಪಾಠ ನಮ್ಮ ಊರುಗಳಿಗೂ ಸಲ್ಲುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಎರಡನೆಯ ಅಡ್ಡಿ ನಮ್ಮ ನೆಲದ್ದೇ. ‘ಮನೆಯವರಿಗೆ, ಬಂಧುಗಳಿಗೆ, ಓಣಿಯವರಿಗೆ ಎಂಥ ಥ್ಯಾಂಕ್ಸು? ನಾವೇನು ಹೊರಗಿನವರೇನು?’ ಎಂದು ಹಿರಿಯರು ಬೇಸರಪಟ್ಟುಕೊಳ್ಳುತ್ತಾರೆ. ಸೋದರಮಾವ ಆಸ್ಪತ್ರೆಯ ಬಿಲ್ಲು ಕಟ್ಟಿದಾಗ ಅವರಿಗೆ ಔಪಚಾರಿಕವಾಗಿ ಧನ್ಯವಾದ ಹೇಳಿದರೆ ಲೆಕ್ಕ ಚುಕ್ತಾ ಮಾಡಿದಂತೆ ಕೇಳಿಸುತ್ತದೆ, ಸಂಬಂಧ ಒಂದು ಮಾರು ದೂರ ಸರಿದಂತೆ ಆಗುತ್ತದೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಇದಕ್ಕೆ ಪರಿಹಾರವೆಂದರೆ ಹತ್ತಿರದವರಿಗೆ ಬರೆಯುವಾಗ ಧನ್ಯವಾದವೆಂಬ ಮಾತನ್ನೇ ಬಿಟ್ಟು, ಅವರು ಮಾಡಿದ್ದನ್ನೂ ಅದರಿಂದ ಆದದ್ದನ್ನೂ ಮಾತ್ರ ಬರೆಯುವುದು. ಅಂಥ ಪತ್ರವನ್ನು ಯಾವ ಮಾವನೂ ಚಿಗವ್ವನೂ ಪರಕೀಯವೆಂದು ತಿಳಿಯುವುದಿಲ್ಲ. ಅದು ಮನೆಯ ಸುದ್ದಿಯೇ ಆಗುತ್ತದೆ.

ಪತ್ರದ ಒಡಲು

ನಮ್ಮ ಸಭೆ ಸಮಾರಂಭಗಳ ವಂದನಾರ್ಪಣೆಯನ್ನು ಕೇಳಿ ಕೇಳಿ ಕೃತಜ್ಞತೆಯ ಭಾಷೆ ನಮ್ಮ ಕೈಯಲ್ಲಿ ಸವೆದುಹೋಗಿದೆ. ‘ತನು ಮನ ಧನದಿಂದ ಸಹಕರಿಸಿದ ತಮಗೆ ಹೃತ್ಪೂರ್ವಕ ಧನ್ಯವಾದಗಳು, ತಮ್ಮ ಸಹಕಾರ ಹೀಗೆಯೇ ಮುಂದುವರಿಯಲಿ’ ಎಂಬ ವಾಕ್ಯವನ್ನು ಯಾರಿಗೆ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಕಳುಹಿಸಬಹುದು. ಆದ್ದರಿಂದಲೇ ಅದು ಯಾರ ಮನಸ್ಸಿಗೂ ತಾಕುವುದಿಲ್ಲ. ಅದರ ಕೊನೆಯ ತುಂಡಂತೂ ಕೃತಜ್ಞತೆಯ ಹೆಸರಿನಲ್ಲಿ ಇನ್ನೊಂದು ಸಹಾಯ ಬೇಡುತ್ತದೆ. ಪತ್ರದಲ್ಲಿ ಹೊಸ ಬೇಡಿಕೆ ಇರಬಾರದು, ಬೇಡಿಕೆಯ ನೆರಳೂ ಇರಬಾರದು. ‘ನಿಮ್ಮ ಋಣವನ್ನು ಈ ಜನ್ಮದಲ್ಲಿ ತೀರಿಸಲಾರೆ’ ಎಂಬಂಥ ಮಾತೂ ಬೇಡ, ಏಕೆಂದರೆ ನೂರು ರೂಪಾಯಿಯ ಸಹಾಯಕ್ಕೆ ಜನ್ಮದ ಋಣ ಹೊರಿಸಿದರೆ ಓದಿದವರಿಗೆ ಇರುಸುಮುರುಸಾಗುತ್ತದೆ.

ಇದರ ಬದಲು ಅವರು ಮಾಡಿದ್ದನ್ನು ದಿನ, ಸ್ಥಳ, ಸಂದರ್ಭಗಳ ಸಮೇತ ಒಂದೆರಡು ವಾಕ್ಯಗಳಲ್ಲಿ ಬರೆಯಬೇಕು. ಹೀಗೆ ಬರೆದಾಗ ‘ಇವರು ಗಮನಿಸಿದ್ದಾರೆ’ ಎಂಬುದು ಓದುವವರಿಗೆ ತಾನಾಗಿ ತಿಳಿಯುತ್ತದೆ. ಆ ಕೆಲಸಕ್ಕಾಗಿ ಅವರು ಏನನ್ನಾದರೂ ಬಿಟ್ಟುಕೊಟ್ಟಿದ್ದರೆ, ಅಂದರೆ ನಿದ್ದೆ, ಒಂದು ದಿನದ ಕೂಲಿ, ತಮ್ಮ ಸರದಿ, ಅದನ್ನು ಹೆಸರಿಸಲೇಬೇಕು. ಆಮೇಲೆ ಫಲ ಬರಬೇಕು. ಪತ್ರದ ಹೆಚ್ಚಿನ ಜಾಗ ಅದಕ್ಕೇ ಮೀಸಲು. ಕೊನೆಯಲ್ಲಿ ಈಗಿನ ಸ್ಥಿತಿಯನ್ನು ತಿಳಿಸುವ ಒಂದು ವಾಕ್ಯವಿದ್ದರೆ ಸಾಕು. ಎಂಟು ಹತ್ತು ವಾಕ್ಯಗಳನ್ನು ಮೀರುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಹಿಂಗಾರಿ ಬಿತ್ತಿಗೆಯ ಕಷ್ಟ ಅಲ್ಲಿನವರೆಲ್ಲರಿಗೂ ಗೊತ್ತು. ಮಳೆ ಬಿದ್ದು ಹೊಲ ಹದಕ್ಕೆ ಬಂದ ನಾಲ್ಕಾರು ದಿನಗಳಲ್ಲೇ ಎಲ್ಲರಿಗೂ ಕೂರಿಗೆ ಬೇಕು, ಎತ್ತು ಬೇಕು, ಆಳು ಬೇಕು. ಅಂಥ ಹೊತ್ತಿನಲ್ಲಿ ತಮ್ಮ ಸರದಿಯನ್ನು ಬಿಟ್ಟುಕೊಟ್ಟ ಹಿರಿಯರಿಗೆ ಹೀಗೆ ಬರೆಯಬಹುದು:

“ಕಾಕಾ ಅವರಿಗೆ ಶರಣು ಶರಣಾರ್ಥಿ. ಉತ್ತರಿ ಮಳೆ ಬಿದ್ದ ಮೂರನೆಯ ದಿನ ನೀವು ನಿಮ್ಮ ಬಿತ್ತಿಗೆಯನ್ನು ಬದಿಗಿಟ್ಟು ಎತ್ತು, ಕೂರಿಗೆ ಎರಡನ್ನೂ ನಮ್ಮ ಹೊಲಕ್ಕೆ ಕಳಿಸಿದಿರಿ. ಮರುದಿನದಿಂದಲೇ ಬಿಸಿಲು ಬಲಿಯಿತು. ಹದ ಆರುವ ಮೊದಲೇ ಬಿತ್ತಿದ್ದರಿಂದ ನಮ್ಮ ಜೋಳ ಒಂದೇ ಸಮನಾಗಿ ಹುಟ್ಟಿತು. ನಿನ್ನೆ ರಾಶಿ ಮುಗಿಯಿತು, ಹನ್ನೊಂದು ಚೀಲ ಆಯಿತು. ಸೊಸೈಟಿಯ ಸಾಲದ ಈ ಕಂತನ್ನು ಕಟ್ಟಿದ ಮೇಲೂ ಮನೆಯ ವರ್ಷದ ಕಾಳಿಗೆ ಕೊರತೆಯಿಲ್ಲ. ಹೊಸ ಜೋಳದ ರೊಟ್ಟಿ ತಟ್ಟುವಾಗ ಅವ್ವ ನಿಮ್ಮ ಹೆಸರು ತೆಗೆದಳು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ.”

ಈ ಪತ್ರದಲ್ಲಿ ಧನ್ಯವಾದವೂ ಇಲ್ಲ, ಹೊಗಳಿಕೆಯ ಒಂದು ವಿಶೇಷಣವೂ ಇಲ್ಲ. ಆದರೂ ತಾವು ಬಿಟ್ಟುಕೊಟ್ಟ ಒಂದು ದಿನ ಇನ್ನೊಂದು ಮನೆಯ ಕಣಜದಲ್ಲಿ ಏನಾಗಿ ಕುಳಿತಿದೆ ಎಂಬುದು ಕಾಕಾ ಅವರಿಗೆ ಚೀಲದ ಲೆಕ್ಕದಲ್ಲೇ ತಿಳಿಯುತ್ತದೆ.

ಸಮಯದ ಪ್ರಶ್ನೆಯೂ ಇದಕ್ಕೇ ತಗುಲಿಕೊಂಡಿದೆ. ಉಪಕಾರ ನಡೆದ ವಾರದೊಳಗೆ ಎರಡು ಸಾಲು ಬರೆದು ಫಲ ಬಂದ ಮೇಲೆ ಇನ್ನೊಮ್ಮೆ ಬರೆಯುವುದು ಎಲ್ಲಕ್ಕಿಂತ ಉತ್ತಮ. ಒಂದೇ ಸಲ ಬರೆಯುವುದಾದರೆ ಫಲ ಬಂದ ಮೇಲೆಯೇ ಬರೆಯಿರಿ ಎಂದು ನಾನು ಹೇಳುತ್ತೇನೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ, ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಾರ್ಮಿಕರು ನೀರು ಭೋರ್ಗರೆದು ಹರಿಯುತ್ತಿದ್ದಂತೆಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ಪೋಲಾಗುತ್ತಿದ್ದ ನೀರನ್ನು ತಡೆದರು. ಆ ವಾರ ಅವರಿಗೆ ಎಲ್ಲೆಡೆಯಿಂದ ಪ್ರಶಂಸೆ ಬಂತು. ಆದರೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಯ ಯಾವ ಗದ್ದೆಗೆ ಆ ನೀರು ಹರಿದು ಎಷ್ಟು ಭತ್ತವಾಯಿತೆಂಬುದನ್ನು ಹೇಳಬಲ್ಲವರು ಆ ಗದ್ದೆಯ ರೈತರೇ. ಅಂಥ ಪತ್ರಕ್ಕೆ ತಡವಾಯಿತೆಂಬುದೇ ಇಲ್ಲ. ವರ್ಷಗಳು ಕಳೆದಿದ್ದರೂ ‘ಇಷ್ಟು ದಿನ ಬರೆಯಲಾಗಲಿಲ್ಲ’ ಎಂಬ ಒಂದು ಸಾಲು ಸಾಕು. ತಡವಾದದ್ದಕ್ಕೆ ಕಾರಣಗಳನ್ನು ಪುಟಗಟ್ಟಲೆ ಕೊಟ್ಟರೆ ಪತ್ರ ನಮ್ಮ ಬಗೆಗಿನ ಪತ್ರವಾಗಿಬಿಡುತ್ತದೆ.

ಸಂಬೋಧನೆ, ಭಾಷೆ, ಓದುವವರು

ಸಂಬೋಧನೆಯಲ್ಲಿ ಮನೆಮಾತಿನ ಮರ್ಯಾದೆಯನ್ನು ಬಿಡಬಾರದು. ಎದುರಿಗೆ ಸಿಕ್ಕಾಗ ಕಾಕಾ, ದೊಡ್ಡವ್ವ, ಅಣ್ಣಾರು, ಮಾವಾರು ಎನ್ನುವವರನ್ನು ಪತ್ರದಲ್ಲಿ ಒಮ್ಮೆಗೇ ‘ಮಾನ್ಯರೇ’ ಎಂದು ಕರೆದರೆ ಅವರು ಗಾಬರಿಯಾಗುತ್ತಾರೆ. ತಂದೆ ತಾಯಿಯ ಸ್ಥಾನದವರಿಗೆ ‘ತೀರ್ಥರೂಪ ಸಮಾನರಾದ’ ಎಂಬ ಹಳೆಯ ಒಕ್ಕಣೆ ಇಂದಿಗೂ ಚೆಂದವಾಗಿಯೇ ಇದೆ. ಶರಣು ಎನ್ನುವ ಮನೆಗೆ ಶರಣು, ಸಲಾಂ ಎನ್ನುವ ಮನೆಗೆ ಸಲಾಂ, ನಮಸ್ಕಾರ ಎನ್ನುವ ಮನೆಗೆ ನಮಸ್ಕಾರ ಎಂದು ಆರಂಭಿಸುವುದು ಸೌಜನ್ಯ. ಕಿರಿಯರು ಸಹಾಯ ಮಾಡಿದಾಗಲೂ ಬರೆಯಬೇಕೆಂಬುದನ್ನು ನಾವು ಮರೆಯುತ್ತೇವೆ. ಅಜ್ಜನ ಪಿಂಚಣಿಯ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿಕೊಟ್ಟ ಓಣಿಯ ಹುಡುಗನಿಗೆ ಅಜ್ಜನ ಕೈಬರಹದ ‘ಚಿರಂಜೀವಿಗೆ ಆಶೀರ್ವಾದ’ ಎಂಬ ಚೀಟಿ ಬಂದರೆ, ಆ ಹುಡುಗ ಮುಂದೆ ಇನ್ನೆಷ್ಟು ಅಜ್ಜಂದಿರ ಅರ್ಜಿ ತುಂಬುತ್ತಾನೋ!

ಪತ್ರ ಪಡೆಯುವವರು ಓದು ಬಾರದವರಾಗಿರುವ ಸಂದರ್ಭ ನಮ್ಮಲ್ಲಿ ಕಡಿಮೆಯಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡ 60ರ ಆಸುಪಾಸಿನಲ್ಲಿತ್ತು, ಹಿರಿಯ ಹೆಣ್ಣುಮಕ್ಕಳಲ್ಲಿ ಓದು ಬಲ್ಲವರು ಇನ್ನೂ ವಿರಳ. ಅವರಿಗೆ ಬರೆಯುವುದು ವ್ಯರ್ಥವೆಂದು ತಿಳಿಯಬಾರದು. ಅಂಥ ಪತ್ರವನ್ನು ಮೊಮ್ಮಗಳೋ ಅಂಗನವಾಡಿಯ ಕಾರ್ಯಕರ್ತೆಯೋ ಗಟ್ಟಿಯಾಗಿ ಓದಿ ಹೇಳುತ್ತಾರೆ, ಕೇಳಲು ಪಕ್ಕದ ಮನೆಯವರೂ ಬಂದು ಕೂಡುತ್ತಾರೆ. ಆದ್ದರಿಂದ ಅಕ್ಷರ ದೊಡ್ಡದಾಗಿರಲಿ, ವಾಕ್ಯಗಳು ಚಿಕ್ಕವಾಗಿರಲಿ, ಆಡುಮಾತಿಗೆ ಹತ್ತಿರವಾಗಿರಲಿ. ನಾಲ್ಕು ಜನರ ನಡುವೆ ಓದಬಾರದ ವಿಷಯ, ಮುಖ್ಯವಾಗಿ ಹಣದ ಮೊತ್ತ, ಅದರಲ್ಲಿ ಇರದಿರಲಿ. ತೆಲುಗು ಅಥವಾ ಉರ್ದು ಓದುವ ಮನೆಗೆ ಆ ಭಾಷೆ ಬಲ್ಲವರಿಂದ ಬರೆಸಿ ಕಳುಹಿಸಿದರೆ ಇನ್ನೂ ಒಳ್ಳೆಯದು.

ವಾಟ್ಸಾಪ್‌ನಲ್ಲಿ ಬರೆಯಬಾರದೇ ಎಂದು ಯುವಕರು ಕೇಳುತ್ತಾರೆ. ಖಂಡಿತವಾಗಿ ಬರೆಯಬಹುದು, ಮೇಲೆ ಹೇಳಿದ ಕ್ರಮದಲ್ಲಿ ಬರೆದ ಸಂದೇಶ ಯಾವ ಮಾರ್ಗದಲ್ಲಿ ಬಂದರೂ ಪತ್ರವೇ. ಆದರೆ ಹೂವು, ದೀಪ, ಮುಗಿದ ಕೈಗಳ ಚಿತ್ರವೊಂದನ್ನು ಫಾರ್ವರ್ಡ್ ಮಾಡಿದರೆ ಅದು ಪತ್ರವಾಗುವುದಿಲ್ಲ. ಗುಂಪಿನಲ್ಲಿ ಎಲ್ಲರೆದುರು ಹಾಕುವ ಮೊದಲು ಅವರೊಬ್ಬರಿಗೇ ಕಳುಹಿಸಿ, ಒಪ್ಪಿಗೆ ಕೇಳಬೇಕು. ಕೈಬರಹದ ಕಡೆಗೆ ನನ್ನ ಒಲವು ಹೆಚ್ಚು, ಅದಕ್ಕೆ ಕಾರಣವೂ ಇದೆ. ಕೊಪ್ಪಳ ಜಿಲ್ಲೆಯ ನಿವೃತ್ತ ಮಾಸ್ತರರೊಬ್ಬರು ತಮ್ಮ ಪಿಂಚಣಿ ಕಾಗದಗಳಿರುವ ಟ್ರಂಕಿನಲ್ಲಿ ಹಳೆಯ ವಿದ್ಯಾರ್ಥಿಯ ಒಂದು ಇನ್‌ಲ್ಯಾಂಡ್ ಪತ್ರವನ್ನು ಇಟ್ಟುಕೊಂಡಿರುವುದನ್ನು ನಾನು ನೋಡಿದ್ದೇನೆ. ಮಡಿಕೆಗಳು ಹರಿದು, ಹಿಂಬದಿಗೆ ಅಂಟುಪಟ್ಟಿ ಹಚ್ಚಿಸಿಕೊಂಡಿತ್ತು ಅದು. ಶಾಲೆಯ ಪ್ರವಾಸಕ್ಕೆ ಹಣವಿಲ್ಲದ ಹುಡುಗನನ್ನು ತಾವೇ ಹಣ ತೆತ್ತು ಕರೆದೊಯ್ದದ್ದು ಮಾಸ್ತರರಿಗೆ ಮರೆತೇ ಹೋಗಿತ್ತು. ಆ ಪ್ರವಾಸದಲ್ಲಿ ಜಲಾಶಯವನ್ನು ಮೊದಲ ಸಲ ಕಂಡದ್ದರಿಂದಲೇ ಸಿವಿಲ್ ಡಿಪ್ಲೊಮಾ ಓದುವ ಆಸೆ ಹುಟ್ಟಿತೆಂದು ಪತ್ರದಲ್ಲಿತ್ತು. ಫೋನು ಬದಲಾಯಿಸಿದಾಗ ಸಂದೇಶಗಳು ಹೋಗುತ್ತವೆ, ಟ್ರಂಕಿನ ಕಾಗದ ಉಳಿಯುತ್ತದೆ.

ಕಚೇರಿ, ಆಸ್ಪತ್ರೆ, ಬಸ್ಸು

ಸರ್ಕಾರಿ ನೌಕರರ ವಿಷಯದಲ್ಲಿ ಬರಹಕ್ಕೆ ಬೇರೊಂದು ಬೆಲೆಯೂ ಇದೆ. ಅವರ ಮೇಲಿನ ದೂರು ಕಡತ ಸೇರುತ್ತದೆ, ಅವರ ಬಗ್ಗೆ ಆಡಿದ ಒಳ್ಳೆಯ ಮಾತು ಗಾಳಿ ಸೇರುತ್ತದೆ. ಇಪ್ಪತ್ತು ವರ್ಷ ನಿಷ್ಠೆಯಿಂದ ದುಡಿದ ನೌಕರರ ಕಡತದಲ್ಲಿ ಯಾರೋ ಸಿಟ್ಟಿನಲ್ಲಿ ಬರೆದ ಒಂದು ಅರ್ಜಿ ಮಾತ್ರ ಇರುವುದು ಅನ್ಯಾಯ. ಆದ್ದರಿಂದ ಪತ್ರದ ಒಂದು ಪ್ರತಿಯನ್ನು ಅವರ ಮೇಲಧಿಕಾರಿಗೂ ಕಳುಹಿಸಬೇಕು: ಆಸ್ಪತ್ರೆಯಾದರೆ ವೈದ್ಯಕೀಯ ಅಧೀಕ್ಷಕರಿಗೆ, ಶಾಲೆಯಾದರೆ ಮುಖ್ಯಗುರುಗಳಿಗೆ ಅಥವಾ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಬಸ್ಸಾದರೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಆಯಾ ಘಟಕದ ವ್ಯವಸ್ಥಾಪಕರಿಗೆ.

ಇಲ್ಲಿ ಗುರುತು ನಿಖರವಾಗಿರಬೇಕು. ‘ನಿಮ್ಮ ಕಂಡಕ್ಟರ್ ಒಬ್ಬರು ತುಂಬಾ ಒಳ್ಳೆಯವರು’ ಎಂದರೆ ಯಾರ ಕಡತಕ್ಕೂ ಅದು ಸೇರಲಾರದು. ಪ್ರಯಾಣದ ದಿನಾಂಕ, ಹತ್ತಿದ ಮತ್ತು ಇಳಿದ ಊರು, ವೇಳೆ, ಬಸ್ಸಿನ ನೋಂದಣಿ ಸಂಖ್ಯೆ ಬರೆಯಬೇಕು; ಟಿಕೆಟ್ ಉಳಿದಿದ್ದರೆ ಅದರ ಫೋಟೋ ಅಥವಾ ಜೆರಾಕ್ಸ್ ಲಗತ್ತಿಸಬೇಕು. ಆಸ್ಪತ್ರೆಯಲ್ಲಿ ಹೆಸರು ತಿಳಿಯದಿದ್ದರೂ ವಾರ್ಡು, ದಿನಾಂಕ ಮತ್ತು ಪಾಳಿ ತಿಳಿಸಿದರೆ ಕರ್ತವ್ಯದಲ್ಲಿದ್ದವರು ಯಾರೆಂದು ಅವರೇ ಪತ್ತೆಮಾಡಿಕೊಳ್ಳುತ್ತಾರೆ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ನಂಥ ದೊಡ್ಡ ಬೋಧಕ ಆಸ್ಪತ್ರೆಗಳಲ್ಲಿ ಒಂದೊಂದು ಪಾಳಿಗೆ ಬೇರೆ ಬೇರೆ ಸಿಬ್ಬಂದಿ ಇರುವುದರಿಂದ ಈ ವಿವರವಿಲ್ಲದೆ ಪತ್ರ ದಾರಿ ತಪ್ಪುತ್ತದೆ. ಮಾದರಿಯೊಂದು:

“ಹೆರಿಗೆ ವಾರ್ಡಿನ ಶುಶ್ರೂಷಾಧಿಕಾರಿಗಳಿಗೆ ನಮಸ್ಕಾರಗಳು. ಕಳೆದ ತಿಂಗಳ 14ರ ರಾತ್ರಿ ಪಾಳಿಯಲ್ಲಿ ನೀವಿದ್ದಿರಿ. ನಮ್ಮ ಸೊಸೆಯ ಬಿಪಿ ಏರಿದಾಗ ನಾವು ಕರೆಯುವ ಮೊದಲೇ ಬಂದು ನೋಡಿ ವೈದ್ಯರನ್ನು ಕರೆಸಿದಿರಿ. ಬಾಗಿಲ ಹೊರಗೆ ಕುಳಿತಿದ್ದ ನನಗೂ ಪ್ರತಿ ಸಲ ಬಂದು ಹೇಗಿದ್ದಾಳೆಂದು ಹೇಳಿದಿರಿ. ಈಗ ತಾಯಿ, ಮಗು ಇಬ್ಬರೂ ಕ್ಷೇಮ. ಮಗುವಿನ ತೂಕ ಹೆಚ್ಚಿದೆ, ಮೊದಲ ತಿಂಗಳ ತಪಾಸಣೆಯಲ್ಲಿ ಎಲ್ಲವೂ ಸರಿಯಿದೆ ಎಂದಿದ್ದಾರೆ. ಬರುವ ವಾರ ತೊಟ್ಟಿಲಿಗೆ ಹಾಕುತ್ತೇವೆ.”

ಇಂಥ ಪತ್ರದ ಜೊತೆ ಹಣ, ಸೀರೆ, ಸಿಹಿ ಡಬ್ಬ ಯಾವುದನ್ನೂ ಇಡಬಾರದು. ನೌಕರರಿಗೆ ಅದರಿಂದ ತೊಂದರೆ, ಮುಂದೆ ಬರುವ ಬಡ ರೋಗಿಗಳಿಗೂ ಅದೊಂದು ಕೆಟ್ಟ ಮೇಲ್ಪಂಕ್ತಿ. ಬಿಸಿಯೂಟದ ಅಡುಗೆಯವರು, ಆಶಾ ಕಾರ್ಯಕರ್ತೆಯರು, ವಾರ್ಡು ಗುಡಿಸುವವರು, ಗ್ರಾಮ ಪಂಚಾಯಿತಿಯ ನೀರುಗಂಟಿಗಳು ಇಂಥ ಪತ್ರ ಪಡೆಯುವುದು ಬಹಳ ಅಪರೂಪ. ಮೊದಲ ಪತ್ರ ಯಾರಿಗೆ ಬರೆಯಲಿ ಎಂದು ಕೇಳುವವರಿಗೆ ನಾನು ಇವರನ್ನೇ ತೋರಿಸುತ್ತೇನೆ. ಕಿನ್ನಾಳದ ಗೊಂಬೆ ಕೊಂಡವರು, ಆ ಗೊಂಬೆ ಯಾವ ಊರಿನ ಯಾವ ಮನೆಯಲ್ಲಿ ಕುಳಿತಿದೆ ಎಂದು ಮಾಡಿದವರಿಗೆ ಒಂದು ಫೋಟೋ ಸಮೇತ ತಿಳಿಸುವುದೂ ಇದೇ ಜಾತಿಯ ಕೆಲಸ.

ಮದುವೆಯ ನಂತರ, ಸಾವಿನ ನಂತರ

ಮದುವೆ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವಿರುತ್ತದೆ. ಯಾರು ಎಷ್ಟು ಕೊಟ್ಟರು, ಅವರಿಗೆ ನಾವು ತಿರುಗಿ ಎಷ್ಟು ಹಾಕಬೇಕು ಎಂಬುದಕ್ಕಾಗಿ ಅದನ್ನು ಜೋಪಾನ ಮಾಡುತ್ತೇವೆ. ಪತ್ರ ಬರೆಯಲು ಅದು ಒಳ್ಳೆಯ ಆಧಾರ, ಆದರೆ ಸಾಲದು. ಎರಡು ದಿನ ಅಡುಗೆಯ ಉಸ್ತುವಾರಿ ನೋಡಿದವರು, ಬೀಗರನ್ನು ನಿಲ್ದಾಣದಿಂದ ಕರೆತಂದವರು, ಬಂದವರಿಗೆ ತಮ್ಮ ಮನೆಯಲ್ಲಿ ಹಾಸಿಗೆ ಬಿಚ್ಚಿದವರು ಆ ಪುಸ್ತಕದಲ್ಲಿ ಇರುವುದಿಲ್ಲ. ಪುಸ್ತಕದ ಕೊನೆಯ ಹಾಳೆಯಲ್ಲಿ ಅವರ ಹೆಸರುಗಳನ್ನೂ ಅದೇ ದಿನ ಬರೆದಿಟ್ಟುಕೊಂಡರೆ ಒಬ್ಬರೂ ತಪ್ಪಿಹೋಗುವುದಿಲ್ಲ. ಪತ್ರದಲ್ಲಿ ಮುಯ್ಯಿಯ ಮೊತ್ತವನ್ನು ಎತ್ತಬಾರದು. ವಧು ವರರೇ ಬರೆದರೆ ಶೋಭೆ. ದಿನಕ್ಕೆ ನಾಲ್ಕೈದರಂತೆ ಬರೆದರೆ ಬೇಸರವಿಲ್ಲದೆ ಮುಗಿಯುತ್ತವೆ.

ಸಾವಿನ ಮನೆಯ ಪತ್ರ ಬರೆಯುವುದು ಕಷ್ಟ. ಒಲೆ ಹಚ್ಚದ ದಿನಗಳಲ್ಲಿ ರೊಟ್ಟಿ, ಪಲ್ಯ ಕಟ್ಟಿಕೊಂಡು ಬಂದವರನ್ನೂ, ಹೆಗಲು ಕೊಟ್ಟವರನ್ನೂ ಆ ದುಃಖದಲ್ಲಿ ಗಮನಿಸಿರುವುದಿಲ್ಲ. ಅಕ್ಕಪಕ್ಕದವರನ್ನು ಕೇಳಿ ತಿಳಿದುಕೊಂಡು, ಕರ್ಮಾದಿಗಳೆಲ್ಲ ಮುಗಿದು ಮನೆ ಒಂದು ಹದಕ್ಕೆ ಬಂದ ಮೇಲೆ ಬರೆದರೆ ಸಾಕು. ಮೂರು ವಾಕ್ಯಗಳ ಪತ್ರವಾದರೂ ಸರಿ, ಅಚ್ಚು ಹಾಕಿಸಿದ ಕಾರ್ಡು ಮಾತ್ರ ಬೇಡ.

ಬರೆಯಬಾರದ ಸಂದರ್ಭವೂ ಒಂದಿದೆ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರುಗಳಿಂದ ಟ್ರ್ಯಾಕ್ಟರುಗಳಲ್ಲಿ, ಬಂಡಿಗಳಲ್ಲಿ ಜೋಳದ ರೊಟ್ಟಿ ಬರುತ್ತವೆ; ಯಾವ ರೊಟ್ಟಿಯನ್ನು ಯಾವ ತಾಯಿ ತಟ್ಟಿದಳೆಂದು ಯಾರೂ ಬರೆದಿಡುವುದಿಲ್ಲ, ತಟ್ಟಿದವಳಿಗೂ ಅದು ಬೇಕಿಲ್ಲ. ಹಾಗೆ ಹೆಸರು ಬೇಡವೆಂದು ಕೊಟ್ಟವರನ್ನು ಹುಡುಕಿಕೊಂಡು ಹೋಗಿ ಪತ್ರ ಕೊಡುವುದು, ಅದರಲ್ಲೂ ನಾಲ್ಕು ಜನರಿಗೆ ತಿಳಿಯುವಂತೆ ಕೊಡುವುದು, ಅವರ ಇಚ್ಛೆಯನ್ನು ಮೀರಿದಂತೆ.

ಅಂಚೆಗೆ ಹಾಕುವಾಗ

ಅಂಚೆ ಕಾರ್ಡಿನ ಬೆಲೆ ಬಹುಕಾಲದಿಂದ 50 ಪೈಸೆಯೇ ಇದೆ. ಆದರೆ ಕಾರ್ಡನ್ನು ದಾರಿಯಲ್ಲಿ ಎಲ್ಲರೂ ಓದಬಹುದು. ಕಾಯಿಲೆ, ಸಾಲ, ಮನೆಯ ಜಗಳದ ಸಂಗತಿಯಿದ್ದರೆ ಇನ್‌ಲ್ಯಾಂಡ್ ಪತ್ರವನ್ನೋ ಲಕೋಟೆಯನ್ನೋ ಬಳಸಬೇಕು. ಕಾಗದ ಸಾಧಾರಣವಾದದ್ದೇ ಇರಲಿ, ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಯಾದರೂ ನಡೆಯುತ್ತದೆ. ಮೊದಲು ಬೇರೆ ಹಾಳೆಯಲ್ಲಿ ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದ ಕಡೆ ತಿದ್ದಿ ಪ್ರತಿ ಮಾಡುವುದು ಲೇಸು. ಮಕ್ಕಳಿಂದ ಬರೆಸುವಾಗ ವಾಕ್ಯಗಳನ್ನು ನಾವು ಹೇಳಿಕೊಡಬಾರದು. ಅಜ್ಜಿ ಕೊಟ್ಟ ಹಣದಿಂದ ಏನು ಕೊಂಡೆ, ಅದರಲ್ಲಿ ಏನು ಆಡಿದೆ ಎಂದು ಕೇಳಿ ಉತ್ತರವನ್ನು ಅವರದೇ ಮಾತಿನಲ್ಲಿ ಬರೆಯಲು ಬಿಟ್ಟರೆ ಸಾಕು.

ಹಳ್ಳಿಯ ವಿಳಾಸಕ್ಕೆ ಮನೆಯ ಸಂಖ್ಯೆ ಇಲ್ಲದಿದ್ದರೆ ಚಿಂತೆಯಿಲ್ಲ. ಹೆಸರಿನ ಜೊತೆ ತಂದೆಯ ಅಥವಾ ಗಂಡನ ಹೆಸರು, ಮನೆತನದ ಅಡ್ಡಹೆಸರು, ಹತ್ತಿರದ ಗುಡಿ, ಮಸೀದಿ ಅಥವಾ ಶಾಲೆ, ಊರು, ಅಂಚೆ, ತಾಲ್ಲೂಕು, ಜಿಲ್ಲೆ ಇಷ್ಟನ್ನು ಬರೆದರೆ ಗ್ರಾಮೀಣ ಅಂಚೆಯವರು ತಲುಪಿಸುತ್ತಾರೆ. ಒಂದೇ ಹೆಸರಿನವರು ಒಂದು ಊರಿನಲ್ಲಿ ಹಲವರಿರುವುದರಿಂದ ಅಡ್ಡಹೆಸರನ್ನು ಬಿಡಬಾರದು. ಪಿನ್‌ಕೋಡ್ ತಪ್ಪದೆ ಇರಲಿ: ಬಳ್ಳಾರಿ ಪಟ್ಟಣದ್ದು 583101, ಕೊಪ್ಪಳದ್ದು 583231, ರಾಯಚೂರಿನದು 584101, ಹಳ್ಳಿಗಳದ್ದು ಬೇರೆ ಇರುವುದರಿಂದ ಅಂಚೆ ಕಚೇರಿಯಲ್ಲಿ ವಿಚಾರಿಸಿ ಬರೆಯಬೇಕು. ಕಳುಹಿಸುವವರ ವಿಳಾಸವನ್ನು ಲಕೋಟೆಯ ಮೇಲೂ ಪತ್ರದ ಒಳಗೂ ಬರೆಯಿರಿ, ಏಕೆಂದರೆ ಲಕೋಟೆಯನ್ನು ಬಹಳ ಜನ ಹರಿದು ಎಸೆಯುತ್ತಾರೆ. ಉತ್ತರ ಬರಬೇಕೆಂದು ಕಾಯುವುದು ಬೇಡ, ‘ಪತ್ರ ಮುಟ್ಟಿತೇ’ ಎಂದು ಫೋನು ಮಾಡಿ ಕೇಳುವುದೂ ಬೇಡ. ಅವರಾಗಿಯೇ ಫೋನು ಮಾಡಿದರೆ, ಪತ್ರದಲ್ಲಿ ಬರೆಯಲು ಬಿಟ್ಟುಹೋದ ಸುದ್ದಿಯನ್ನು ಆಗ ಹೇಳಬಹುದು.